ವಿದ್ಯಾರ್ಥಿವೇತನದ ಅರ್ಜಿ ಮತ್ತು ಮೊಬೈಲ್ ಪರಿಶೀಲನೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ಪಾಲಕರು ಅರ್ಜಿ ತುಂಬುವ ದಿನಗಳಲ್ಲಿ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಓಟಿಪಿ ಹಾಕೇವ್ರಿ, ಆದರೂ ಮೊಬೈಲು ಯಾಕ ಮುಂದ ಹೋಗವಲ್ದು?"

ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಮೊದಲು ಓಟಿಆರ್, ಅಂದರೆ ಒಂದು ಬಾರಿಯ ನೋಂದಣಿ ಆಗಬೇಕು. ಇದರಲ್ಲಿ 14 ಅಂಕಿಗಳ ಸಂಖ್ಯೆ ದೊರೆಯುತ್ತದೆ. ಮುಖ ದೃಢೀಕರಣಕ್ಕೆ 'ಎನ್‌ಎಸ್‌ಪಿ ಓಟಿಆರ್' ಮತ್ತು 'ಆಧಾರ್ ಫೇಸ್ ಆರ್‌ಡಿ' ಎಂಬ ಎರಡು ಆ್ಯಪ್‌ಗಳು ಬೇಕು. ಓಟಿಪಿ ಹೇಳುವುದು ಇಷ್ಟೇ: ಆ ಸಿಮ್ ನಿಮ್ಮ ಕೈಯಲ್ಲಿದೆ. ಆ್ಯಪ್ ಅಸಲಿಯೇ, ಫೋನ್ ನಂಬಿಕೆಗೆ ಯೋಗ್ಯವೇ ಎಂಬುದನ್ನು ಅದು ಹೇಳುವುದಿಲ್ಲ.

ಪರೀಕ್ಷೆಯನ್ನೇ ನೆನಪಿಸಿಕೊಳ್ಳಿ. ಹಾಲ್ ಟಿಕೆಟ್ ಇದ್ದರೆ ಸಾಲದು. ಉತ್ತರ ಪತ್ರಿಕೆ ಮಂಡಳಿಯದ್ದೇ ಆಗಿರಬೇಕು, ಕೊಠಡಿಯೂ ಮೇಲ್ವಿಚಾರಕರ ಕಣ್ಣಳತೆಯಲ್ಲಿರಬೇಕು. ಹಾಗೆಯೇ ಪ್ರತಿ ಆ್ಯಪ್‌ಗೂ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ಬೇರೆಯವರು ಆ್ಯಪ್ ತಿದ್ದಿದರೆ ಸಹಿ ಹೊಂದುವುದಿಲ್ಲ. ಸರ್ವರ್ ಪ್ರತಿ ಸಲ ಹೊಸ ಗುರುತುಸಂಖ್ಯೆ ಕಳಿಸಿ ಸಹಿ ಸಮೇತ ಉತ್ತರ ಕೇಳಬಹುದು; ಆಗ ನಿನ್ನೆಯ ಉತ್ತರವನ್ನು ಇಂದು ನಕಲು ಮಾಡಿ ಕೊಡಲು ಬರುವುದಿಲ್ಲ. ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರದ್ದೂ ಇದೇ ತತ್ವ. ಆಧಾರ್ ಪ್ರಾಧಿಕಾರದಲ್ಲಿ ನೋಂದಾಯಿತ ಸಾಧನವು ಬೆರಳಚ್ಚನ್ನು ಒಳಗೇ ಗೂಢಲಿಪಿಗೆ ತಿರುಗಿಸಿ, ಸಹಿ ಹಾಕಿ ಕಳಿಸುತ್ತದೆ.

ಆದ್ದರಿಂದ ಅರ್ಜಿದಾರರು ಗಮನಿಸಬೇಕಾದುದು:

1. ಎರಡೂ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದಲೇ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ 'ಸ್ಕಾಲರ್‌ಶಿಪ್ ಎಪಿಕೆ' ಫೈಲ್ ತೆರೆಯಬೇಡಿ.
2. ರೂಟ್ ಮಾಡಿದ ಫೋನ್ ಬಳಸಬೇಡಿ. 'ಡೆವಲಪರ್ ಆಪ್ಷನ್ಸ್' ಆಫ್ ಇರಲಿ, ದಿನಾಂಕ ಮತ್ತು ಸಮಯ ಸರಿಯಾಗಿರಲಿ.
3. ಕೊನೆಯ ದಿನದವರೆಗೆ ಕಾಯಬೇಡಿ. ಫೋನ್ ಒಪ್ಪದಿದ್ದರೆ ಬೇರೆ ಫೋನ್ ಹುಡುಕಲು ಸಮಯ ಬೇಕು.

ಒಂದು ಮಾತು ಮರೆಯಬಾರದು. ಈ ಪರಿಶೀಲನೆ ಫೋನನ್ನು ನೋಡುತ್ತದೆ, ಅದನ್ನು ಹಿಡಿದವರ ಮನಸ್ಸನ್ನಲ್ಲ. ಓಟಿಪಿ ಹೇಳಿಬಿಟ್ಟರೆ ಅಥವಾ ಅಪರಿಚಿತರಿಗೆ ಸ್ಕ್ರೀನ್ ತೋರಿಸಿದರೆ ಅಸಲಿ ಫೋನ್, ಅಸಲಿ ಆ್ಯಪ್ ಇದ್ದರೂ ಖಾತೆಯ ಹಣ ಹೋಗಬಹುದು. ಮಕ್ಕಳ ಫೀಸಿಗೆಂದು ಬಂದ ಹಣ ಹಾಗೆ ಹೋದರೆ ಒಂದು ವರ್ಷದ ಓದೇ ನಿಲ್ಲಬಹುದು. ಮೋಸವಾಗಿದೆ ಎಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.