ಬರೆದು ನೋಡಿ, ಆಗ ಗೊತ್ತಾಗುತ್ತದೆ



ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಎಂಟನೇ ತರಗತಿಯಲ್ಲಿ ಉಸಿರಾಟದ ಪಾಠದ ನೋಟ್ಸ್ ಬರೆಸುತ್ತಿದ್ದೆ. ಬೆಲ್ ಹೊಡೆಯುವ ಹೊತ್ತು, ನನಗೆ ಅವಸರ. "ನಾವು ಕಾರ್ಬನ್ ಡೈಆಕ್ಸೈಡನ್ನು ಒಳಗೆ ತೆಗೆದುಕೊಂಡು ಆಮ್ಲಜನಕವನ್ನು ಹೊರಗೆ ಬಿಡುತ್ತೇವೆ" ಎಂದು ತಿರುಗುಮುರುಗಾಗಿ ಬೋರ್ಡಿನಲ್ಲಿ ಬರೆದುಬಿಟ್ಟೆ. ಮರುದಿನ ನೋಟುಪುಸ್ತಕ ತಿದ್ದಲು ಕೂತೆ. ಒಂದು ಪುಸ್ತಕವೂ ಬಿಡದೆ ಎಲ್ಲದರಲ್ಲೂ ಅದೇ ವಾಕ್ಯ, ಮುದ್ದಾದ ಅಕ್ಷರದಲ್ಲಿ! ಕೆಲವರು ಕೆಂಪು ಪೆನ್ನಿನಲ್ಲಿ ಅಡಿಗೆರೆಯನ್ನೂ ಎಳೆದಿದ್ದರು. ಕೇಳಿದರೆ, "ಸರ್, ಬೋರ್ಡಲ್ಲಿ ಹಾಗೇ ಇತ್ತಲ್ವಾ?" ಎಂದರು.

ಅವರದೇನೂ ತಪ್ಪಿಲ್ಲ. ನಾನು ಅವರಿಗೆ ನಕಲು ಮಾಡುವುದನ್ನು ಕಲಿಸಿದ್ದೆ, ಬರೆಯುವುದನ್ನು ಕಲಿಸಿರಲಿಲ್ಲ. ಆ ವರ್ಷದಿಂದ ವಾರಕ್ಕೊಂದು ವಿಜ್ಞಾನ ಪೀರಿಯಡನ್ನು ಬರವಣಿಗೆಯ ಕಮ್ಮಟ ಮಾಡಿದ್ದೇನೆ.

ಕಮ್ಮಟ ಎಂದರೇನು?

ಬಡಗಿಯ ಕೊಟ್ಟಿಗೆ ನೋಡಿದ್ದೀರಲ್ಲ? ಅಲ್ಲಿ ಯಾರೂ ಭಾಷಣ ಕೇಳುತ್ತಾ ಕೂರುವುದಿಲ್ಲ. ಯಜಮಾನ ಒಂದು ಕೆಲಸ ತೋರಿಸುತ್ತಾನೆ, ಮತ್ತೆ ಎಲ್ಲರೂ ಕೈ ಹಚ್ಚುತ್ತಾರೆ. ಕೆತ್ತಿದ್ದು ಸರಿಯಾಗದಿದ್ದರೆ ಇನ್ನೊಮ್ಮೆ ಉಜ್ಜುತ್ತಾರೆ. ನಮ್ಮದೂ ಹಾಗೆಯೇ. ಮೊದಲ 10 ನಿಮಿಷ ನಾನು ಒಂದು ವಸ್ತುವನ್ನೋ ಪ್ರಯೋಗವನ್ನೋ ತೋರಿಸುತ್ತೇನೆ. ಮುಂದಿನ 20 ನಿಮಿಷ ಎಲ್ಲರೂ ಬರೆಯುವುದು; ನಾನು ಬೆಂಚಿನಿಂದ ಬೆಂಚಿಗೆ ಹೋಗಿ ಒಬ್ಬೊಬ್ಬರ ಹತ್ತಿರ ಮಾತಾಡುತ್ತೇನೆ. ಕೊನೆಯ 10 ನಿಮಿಷ ಇಬ್ಬರೋ ಮೂವರೋ ಬರೆದದ್ದನ್ನು ಗಟ್ಟಿಯಾಗಿ ಓದುವುದು, ಉಳಿದವರು ಪ್ರಶ್ನೆ ಕೇಳುವುದು. ಅದನ್ನು ಮನೆಗೆ ಒಯ್ದು ಎರಡನೇ ಸಲ ಬರೆದು ತರಬೇಕು. ಮೊದಲ ಪ್ರತಿಗೆ ಮಾರ್ಕೂ ಇಲ್ಲ, ಕೆಂಪು ಶಾಯಿಯೂ ಇಲ್ಲ.

ಮೇಣದಬತ್ತಿಯ ದಿನ

ಒಂದು ದಿನ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಟ್ಟೆ. "ಕಂಡದ್ದನ್ನು ಬರೆಯಿರಿ" ಅಂದೆ. "ಎಷ್ಟು ಸಾಲು ಸರ್?" ಎಂಬ ಪ್ರಶ್ನೆ ಬಂತು. ಐದೇ ನಿಮಿಷದಲ್ಲಿ ಒಬ್ಬ ಹುಡುಗ ಮುಗಿಸಿ ಪೆನ್ನು ಕೆಳಗಿಟ್ಟ. ಅವನು ಬರೆದದ್ದು ಒಂದೇ ಸಾಲು: "ಮೇಣದಬತ್ತಿ ಉರಿಯುತ್ತದೆ."

ಓದುವ ಹೊತ್ತಿನಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: "ಉರಿಯೋದು ಯಾವುದು? ನೂಲಾ, ಮೇಣವಾ?" ಹುಡುಗ "ನೂಲು" ಅಂದ. "ನೂಲು ಮಾತ್ರ ಆದ್ರೆ ಬೇಗ ಸುಟ್ಟುಹೋಗ್ಬೇಕಿತ್ತಲ್ಲ, ಮೇಣ ಯಾಕೆ ಕಡಿಮೆ ಆಗ್ತದೆ?" ಎಂದು ಇನ್ನೊಬ್ಬ. ತರಗತಿ ಎರಡು ಪಕ್ಷವಾಯಿತು. ಉತ್ತರ ನಾನು ಹೇಳಲಿಲ್ಲ. ಬತ್ತಿಯನ್ನು ಊದಿ ಆರಿಸಿದೆ. ಬಿಳಿ ಹೊಗೆಯ ಎಳೆ ಮೇಲೆದ್ದಿತು. ಕೂಡಲೇ ಉರಿಯುವ ಕಡ್ಡಿಯನ್ನು ಆ ಹೊಗೆಗೆ ಹಿಡಿದೆ, ಬತ್ತಿಗೆ ತಾಗಿಸದೆ, ಸ್ವಲ್ಪ ಮೇಲೆ. ಪಕ್ಕನೆ ಜ್ವಾಲೆ ಹೊಗೆಯ ಎಳೆ ಹಿಡಿದು ಕೆಳಗಿಳಿಯಿತು. ಬತ್ತಿ ಮತ್ತೆ ಹೊತ್ತಿಕೊಂಡಿತು. "ಇನ್ನೊಮ್ಮೆ ಸರ್, ಇನ್ನೊಮ್ಮೆ!"

ಆ ಬಿಳಿ ಹೊಗೆ ಎಂದರೆ ತಣಿಯುತ್ತಿರುವ ಮೇಣದ ಆವಿ. ಬೆಂಕಿಯ ಬಿಸಿಗೆ ಮೇಣ ಕರಗುತ್ತದೆ. ಕರಗಿದ ಮೇಣ ನೂಲಿನ ಎಳೆಗಳ ಸಂದಿನಲ್ಲಿ ಮೇಲೇರುತ್ತದೆ. ಪಾಠಪುಸ್ತಕ ಇದನ್ನೇ ಲೋಮನಾಳ ಕ್ರಿಯೆ ಎನ್ನುತ್ತದೆ. ಮೇಲೆ ಅದು ಆವಿಯಾಗುತ್ತದೆ. ಮುಖ್ಯವಾಗಿ ಉರಿಯುವುದು ಈ ಆವಿ. "ಮೇಣದಬತ್ತಿ ಉರಿಯುತ್ತದೆ" ಎಂಬ ಒಂದು ಸಾಲನ್ನು ಗಟ್ಟಿಯಾಗಿ ಓದದೇ ಇದ್ದಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಪ್ರಶ್ನೆ ಕೇಳಿದ ಹುಡುಗಿಯ ಪುಟ ಮಾತ್ರ ಖಾಲಿ ಇತ್ತು. ಯಾಕೆ ಅಂದರೆ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ, "ನನಗೆ ತುಳುವಿನಲ್ಲಿ ಬರ್ತದೆ ಸರ್, ಪುಸ್ತಕದ ಕನ್ನಡದಲ್ಲಿ ಬರೋದಿಲ್ಲ" ಅಂದಳು. "ಬಂದ ಹಾಗೆ ಬರಿ" ಅಂದೆ. ಮರುದಿನ ಒಂದೂವರೆ ಪುಟ ತಂದಳು. ಅದರಲ್ಲಿ ಹೊಗೆಯನ್ನು "ಪುಗೆ" ಎಂದೇ ಬರೆದಿದ್ದಳು. ನಾವು ಆ ಪದವನ್ನು ಬೋರ್ಡಿಗೆ ಹಾಕಿದೆವು: ಕನ್ನಡದಲ್ಲಿ ಹೊಗೆ, ಹಳಗನ್ನಡದಲ್ಲಿ ಪೊಗೆ, ತುಳುವಿನಲ್ಲಿ ಪುಗೆ, ಮಲಯಾಳದಲ್ಲಿ ಪುಕ. ಎಲ್ಲಾ ಒಂದೇ ಮನೆಯ ಮಕ್ಕಳು! ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಒಂದೇ ಬೆಂಚಿನಲ್ಲಿ ಮೂರು ಮನೆಮಾತು ಕೂತಿರುತ್ತದೆ. ಮನೆಮಾತಿನಲ್ಲಿ ಯೋಚಿಸಿ ಮೊದಲ ಪ್ರತಿ ಬರೆಯುವುದು ನಾಚಿಕೆಯ ವಿಷಯವಲ್ಲ. ಎರಡನೇ ಪ್ರತಿಯಲ್ಲಿ ಪಾಠದ ಪದವನ್ನು ಸೇರಿಸಿಕೊಂಡರಾಯಿತು. ಆಗ ಆ ಪದ ನಿಮ್ಮದೇ ಆಗುತ್ತದೆ.

ಬೈಂಡಿಂಗ್ ಹುಡುಗನ ನೋಟುಪುಸ್ತಕ

ಮೇಣದಬತ್ತಿಯ ಪಾಠಕ್ಕೆ ಹೆಸರಾದವರು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರು ಮಕ್ಕಳಿಗಾಗಿ ಕೊಟ್ಟ ಮೇಣದಬತ್ತಿಯ ಉಪನ್ಯಾಸಗಳು 1861ರಲ್ಲಿ ಪುಸ್ತಕವಾಗಿ ಬಂದವು. ಕಮ್ಮಾರನ ಮಗನಾದ ಫ್ಯಾರಡೆಗೆ ಹೆಚ್ಚಿನ ಶಾಲಾ ಓದು ಸಿಗಲಿಲ್ಲ. ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಾ, ರಟ್ಟು ಹಾಕಲು ಬಂದ ಪುಸ್ತಕಗಳನ್ನು ಓದಿದರು. 1812ರಲ್ಲಿ ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿ ಬರೆದು, ಚಿತ್ರ ಬಿಡಿಸಿ, ತಾವೇ ಬೈಂಡ್ ಮಾಡಿ ಡೇವಿಯವರಿಗೆ ಕಳಿಸಿದರು. ಮರುವರ್ಷ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು.

ನನಗೆ ಇನ್ನೂ ಇಷ್ಟವಾದ ಸಂಗತಿ ಬೇರೆ ಇದೆ. 1818ರಲ್ಲಿ ಫ್ಯಾರಡೆ ಮತ್ತು ಕೆಲವು ಗೆಳೆಯರು ಒಂದು ಸಣ್ಣ ಗುಂಪು ಕಟ್ಟಿಕೊಂಡರು. ಪ್ರತಿಯೊಬ್ಬರೂ ಪ್ರಬಂಧ ಬರೆಯಬೇಕು, ಒಬ್ಬರದನ್ನು ಇನ್ನೊಬ್ಬರು ಓದಿ ವಿಮರ್ಶೆ ಮಾಡಬೇಕು. ನಮ್ಮ ಕಮ್ಮಟವೇ ಅಲ್ಲವೇ? ಮುಂದೆ ವಿದ್ಯುತ್ ಜನರೇಟರಿಗೆ ತಳಹದಿಯಾದ ವಿದ್ಯುತ್ಕಾಂತೀಯ ಪ್ರೇರಣೆಯನ್ನು 1831ರಲ್ಲಿ ಕಂಡುಹಿಡಿದವರೂ ಇವರೇ. ಪ್ರಯೋಗಾಲಯದ ದಿನಚರಿಯಲ್ಲಿ ಅವರು ಪ್ಯಾರಾಗಳಿಗೆ ನಂಬರು ಹಾಕುತ್ತಾ ಹೋದರು. ಅದು 16,000 ದಾಟಿತು. ಕೈಕೊಟ್ಟ ಪ್ರಯೋಗಗಳನ್ನೂ ಬರೆದಿಟ್ಟರು.

ಓದುವುದಕ್ಕೂ ಪೆನ್ಸಿಲ್ ಬೇಕು

ಪಾಠ ಓದುವಾಗ ಅಂಚಿನಲ್ಲಿ ಮೂರು ಗುರುತು ಹಾಕಿ. ಅರ್ಥವಾದಲ್ಲಿ ಸರಿ ಗುರುತು, ಆಗದಲ್ಲಿ ಪ್ರಶ್ನೆ ಗುರುತು, ಆಶ್ಚರ್ಯವಾದಲ್ಲಿ ಉದ್ಗಾರ ಗುರುತು. ಒಂದು ಪುಟದಲ್ಲಿ ಒಂದೂ ಪ್ರಶ್ನೆ ಗುರುತು ಬೀಳದಿದ್ದರೆ ಆ ಪುಟವನ್ನು ಇನ್ನೊಮ್ಮೆ ಓದಿ. ಲೈಬ್ರರಿಯಲ್ಲಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಿಕ್ಕಿದರೆ ಬಿಡಬೇಡಿ. ಸಸ್ಯಶಾಸ್ತ್ರವನ್ನು ಕನ್ನಡದಲ್ಲಿ ನಗುನಗುತ್ತಾ ಬರೆಯಬಹುದು ಎನ್ನುವುದು ಅದರಿಂದ ಗೊತ್ತಾಗುತ್ತದೆ.

ಈಗ ನಿಮ್ಮ ಸರದಿ. ಮೂರು ನಾಲ್ಕು ಜನ ಸೇರಿ. ನಿಮ್ಮ ಗುಡ್ಡದ ಸುರಂಗದಿಂದ ಮಾರ್ಚಿನಲ್ಲೂ ನೀರು ಹೇಗೆ ಬರುತ್ತದೆ, ಒಣಗಲು ಹಾಕಿದ ಅಡಿಕೆಯ ತೂಕ ಯಾಕೆ ಇಳಿಯುತ್ತದೆ, ಯಾವುದಾದರೂ ಒಂದನ್ನು ಆರಿಸಿ 15 ನಿಮಿಷ ಬರೆಯಿರಿ. ಗೆಳೆಯನಿಗೆ ಓದಿ ಹೇಳಿ. ಅವನು ಕೇಳಿದ ಪ್ರಶ್ನೆಯನ್ನು ಕೆಳಗೆ ಬರೆದುಕೊಂಡು ಮತ್ತೆ ನೋಡಿ, ಮತ್ತೆ ಬರೆಯಿರಿ. ಮೇಣದಬತ್ತಿಯ ಪ್ರಯೋಗವನ್ನು ಮಾತ್ರ ದೊಡ್ಡವರು ಹತ್ತಿರ ಇದ್ದಾಗಲೇ ಮಾಡಿ.

ಹಾಗೇ ಇನ್ನೊಂದು ಮಾತು. ನಿಮ್ಮ ಟೀಚರ್ ಬೋರ್ಡಿನಲ್ಲಿ ಬರೆದದ್ದು ಸರಿ ಕಾಣದಿದ್ದರೆ ಕೈ ಎತ್ತಿ ಕೇಳಿ. ಈಗ ನನ್ನ ತರಗತಿಯಲ್ಲಿ ಕೈ ಏಳುತ್ತದೆ. ಮೊನ್ನೆ ಒಂದು ಕಾಗುಣಿತದ ತಪ್ಪಿಗೆ ಆರು ಕೈ ಎದ್ದಿತ್ತು!