ಇಕ್ಕೇರಿ ವರಹ: ಕೊಳ್ಳುವ ಮುನ್ನ ನೀರಿನಲ್ಲಿ ತೂಗಿ ನೋಡಿ

ಕಳೆದ ಕಾರ್ತಿಕ ಮಾಸದಲ್ಲಿ ಯಲಹಂಕದ ಪರಿಚಿತರೊಬ್ಬರು ನಮ್ಮ ಮನೆಗೆ ಬಂದು, ಕೈವಸ್ತ್ರದ ಗಂಟು ಬಿಚ್ಚಿ ಹನ್ನೆರಡು ನಾಣ್ಯಗಳನ್ನು ನನ್ನ ಮುಂದಿರಿಸಿದರು. ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಕೊಂಡವು. ಒಂದು ಬದಿಗೆ ಆಸೀನರಾದ ಪಾರ್ವತೀಪರಮೇಶ್ವರರು, ಇನ್ನೊಂದು ಬದಿಗೆ ಮೂರು ಸಾಲು ನಾಗರಿ ಲಿಪಿ. "ಕೆಳದಿ ಅರಸರ ವರಹ, ಶಾಸ್ತ್ರಿಗಳೇ. ನಮ್ಮ ವೀರಶೈವ ಅರಸರದೆಂದು ಭಕ್ತಿಯಿಂದ ಕೊಂಡೆ" ಎಂದರು.

ಮಠದ ಪಾಠಶಾಲೆಯಲ್ಲಿ ನಾಗರಿ ಕಲಿತವನಿಗೆ ಆ ಲಿಪಿ ಕಷ್ಟವಲ್ಲ. 'ಶ್ರೀ ಸದಾಶಿವ' ಎಂದು ಸ್ಫುಟವಾಗಿ ಮೂಡಿರಬೇಕಾದ ಅಕ್ಷರಗಳು ಕರಗಿದ ಮೇಣದಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಪರಶಿವನ ಮೊಣಕಾಲ ಬಳಿ ಸಾಸಿವೆಯಷ್ಟು ಒಂದು ಕುಳಿ. ಎರಡನೆಯ ನಾಣ್ಯದಲ್ಲಿಯೂ ಅದೇ ಕುಳಿ, ಅದೇ ಸ್ಥಳದಲ್ಲಿ. ಹನ್ನೆರಡರಲ್ಲಿಯೂ ಅದೇ. ನನ್ನ ಮನಸ್ಸು ಅಲ್ಲಿಯೇ ಕುಸಿಯಿತು.

ಹಿಂದಿನ ಟಂಕಸಾಲೆಯಲ್ಲಿ ಬಂಗಾರದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಪ್ರತಿ ಹೊಡೆತವೂ ಬೇರೆ. ಆದ್ದರಿಂದ ಚಿತ್ರ ಒಂದರಲ್ಲಿ ಎಡಕ್ಕೆ ಸರಿದಿರುತ್ತದೆ, ಇನ್ನೊಂದರಲ್ಲಿ ಅಕ್ಷರದ ಅರ್ಧ ಅಂಚಿನ ಹೊರಗೆ ಹೋಗಿರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಮೂಲ ಮಾದರಿಯ ದೋಷಗಳೆಲ್ಲ ಮರಿಗಳಿಗೂ ಬರುತ್ತವೆ. ಮೈಮೇಲೆ ಸೂಜಿಮೊನೆಯಂತಹ ಗುಳ್ಳೆರಂಧ್ರಗಳು, ಅಂಚಿನಲ್ಲಿ ಎರಡು ಅಚ್ಚು ಕೂಡಿದ ಗೆರೆ ಅಥವಾ ಅದನ್ನು ಮರೆಮಾಡಲು ಅರ ಹಾಕಿದ ಗುರುತು ಕಾಣುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರವೊಂದಿದ್ದರೆ ಇಷ್ಟನ್ನು ಗೃಹಿಣಿಯರೂ ನೋಡಬಲ್ಲರು.

ಇಕ್ಕೇರಿ ವರಹದ ವಿಷಯದಲ್ಲಿ ಇನ್ನೊಂದು ತೊಡಕುಂಟು. ಹದಿನಾರನೆಯ ಶತಮಾನದ ಸದಾಶಿವನಾಯಕನ ಹೆಸರಿನ ಈ ನಾಣ್ಯ ಜನರಿಗೆ ಎಷ್ಟು ನೆಚ್ಚಿಕೆಯಾಗಿತ್ತೆಂದರೆ, ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಗೆ ಮಾತ್ರ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಹಾಕಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಅದೇ ದೇವತಾಮೂರ್ತಿ. ಹಿಂದೆ 'ಶ್ರೀ ಕೃಷ್ಣರಾಜ'. ಆದುದರಿಂದ ಮುಂಬದಿಯನ್ನು ನೋಡಿ ಕೈಮುಗಿಯಬಹುದು, ಕಾಲನಿರ್ಣಯಕ್ಕೆ ಹಿಂಬದಿಯನ್ನೇ ಓದಬೇಕು. 'ಕೆಳದಿಯದು' ಎಂದು ಒಡೆಯರ ವರಹವನ್ನು ಮಾರುವವರೂ ಇದ್ದಾರೆ. ಬಂಗಾರ ನಿಜ, ಮಾತು ಸುಳ್ಳು.

ಇನ್ನು ತೂಕ. ವರಹವೊಂದು ಸುಮಾರು ೩.೪ ಗ್ರಾಂ ತೂಗುತ್ತದೆ. ನಮ್ಮ ಪರಿಚಿತರ ನಾಣ್ಯಗಳೂ ಅಷ್ಟೇ ತೂಗಿದವು; ಹನ್ನೆರಡಕ್ಕೆ ೪೦.೮ ಗ್ರಾಂ. ಅವರ ಮುಖ ಅರಳಿತು. ಆದರೆ ಅವು ಇರಬೇಕಾದುದಕ್ಕಿಂತ ದಪ್ಪವಾಗಿದ್ದವು. ಹಗುರವಾದ ಲೋಹವನ್ನು ದಪ್ಪ ಮಾಡಿದರೆ ತೂಕ ಸರಿಹೋಗುತ್ತದೆ, ಗಾತ್ರ ಸರಿಹೋಗುವುದಿಲ್ಲ. ಅಪ್ಪಟ ಬಂಗಾರ ನೀರಿಗಿಂತ ೧೯.೩ ಪಟ್ಟು ಭಾರ, ೨೨ ಕ್ಯಾರೆಟ್ಟಿನದು ಸುಮಾರು ಹದಿನೇಳೂವರೆ ಪಟ್ಟು, ಹಿತ್ತಾಳೆ ಎಂಟೂವರೆ ಪಟ್ಟಿನ ಆಸುಪಾಸು. ಮೊಮ್ಮಗನ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯಗಳನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ ಹಿಡಿದೆವು. ಬಂಗಾರವಾಗಿದ್ದರೆ ತಕ್ಕಡಿ ೨.೩ ಗ್ರಾಂ ಸಮೀಪ ತೋರಿಸಬೇಕಿತ್ತು. ತೋರಿಸಿದ್ದು ೪.೮. ಮೇಲ್ಲೇಪದ ಕೆಳಗೆ ಹಿತ್ತಾಳೆ. ಪರಿಚಿತರು ಬಹಳ ಹೊತ್ತು ಮಾತನಾಡಲಿಲ್ಲ.

ಈ ಪರೀಕ್ಷೆ ಚಿಕ್ಕ ನಾಣ್ಯಕ್ಕೆ ಒದಗದು. ರಣಧೀರ ಕಂಠೀರವ ನರಸರಾಜ ಒಡೆಯರ ನರಸಿಂಹಮೂರ್ತಿಯ ಕಂಠೀರವ ಹಣ ಒಂದು ಗ್ರಾಮಿನ ಮೂರನೆಯ ಒಂದು ಭಾಗದಷ್ಟೇ ತೂಗುವುದರಿಂದ, ಮನೆಯ ತಕ್ಕಡಿಯ ತಪ್ಪೇ ಉತ್ತರವನ್ನು ನುಂಗಿಬಿಡುತ್ತದೆ. ಅದಕ್ಕೆ ಅಕ್ಕಸಾಲಿಗರ ಒರೆಗಲ್ಲು ಬೇಕು. ಆದರೆ ಒರೆಯೂ ಮೇಲ್ಮೈಯನ್ನೇ ಹೇಳುವುದು, ನಾಣ್ಯವನ್ನು ಸವೆಸುವುದು. ಹಾಲ್‌ಮಾರ್ಕ್ ಕೇಂದ್ರಗಳಲ್ಲಿರುವ ಕ್ಷಕಿರಣ ಯಂತ್ರ ಗೀರು ಮಾಡುವುದಿಲ್ಲ, ಆದರೂ ಅದು ಹೊರಪದರವನ್ನು ಮಾತ್ರ ಓದುತ್ತದೆ.

ಒಳ್ಳೆಯ ಬಂಗಾರದಲ್ಲಿಯೇ ಮಾಡಿದ ನಕಲಿಗೆ ನೀರೂ ಒರೆಯೂ ಸೋಲುತ್ತವೆ. ಬ್ರಿಟಿಷ್ ಸವರನ್ನಿಗೆ, ಅಂದರೆ ೭.೯೮ ಗ್ರಾಮಿನ ೨೨ ಕ್ಯಾರೆಟ್ ನಾಣ್ಯಕ್ಕೆ, ಹೀಗೆ ಮಾಡಿದವರು ಹೊರದೇಶಗಳಲ್ಲಿ ಅನೇಕರು. ಅಲ್ಲಿ ಅಚ್ಚಿನ ವಿವರಗಳ ಅಭ್ಯಾಸವೊಂದೇ ಗತಿ. ಹೊಸಬರು ವಸ್ತುಸಂಗ್ರಹಾಲಯದ ನಿಜವಾದ ನಾಣ್ಯಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳಲಿ. ಡಾ. ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಕುರಿತು ಬರೆದ ಗ್ರಂಥವನ್ನೂ ಓದಲಿ.

ಪರಿಚಿತರಿಗೆ ಮಾರಿದವನು ಹೇಳಿದ ಕಥೆ ಹಳೆಯದೇ: ಪಾಯ ತೋಡುವಾಗ ನಿಧಿ ಸಿಕ್ಕಿತು, ಗುಟ್ಟಾಗಿ ಅರ್ಧ ಬೆಲೆಗೆ ಕೊಡುತ್ತೇವೆ. ಮೊದಲು ಒಂದು ಅಸಲಿ ನಾಣ್ಯವನ್ನು ಕೊಟ್ಟು, ಅಕ್ಕಸಾಲಿಗರಲ್ಲಿ ತೋರಿಸಿಕೊಂಡು ಬನ್ನಿ ಎಂದಿದ್ದನಂತೆ. ದಾವಣಗೆರೆ, ಹರಪನಹಳ್ಳಿ ಕಡೆಯ ಇಂತಹ ವಂಚನೆಗಳ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಲೇ ಇದೆ. ಕಥೆಯನ್ನು ನಂಬುವವರನ್ನು ನಾನು ಹಳಿಯಲಾರೆ. ಇದೇ ಯಶವಂತಪುರದ ಬಳಿ ೧೮೯೧ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ರಾಶಿಯೇ ನೆಲದಿಂದ ಎದ್ದು ಬಂದದ್ದುಂಟು. ಆದರೆ ನಿಜವಾಗಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕು. ಗುಟ್ಟಾಗಿ ಕೊಂಡವನೂ ಕಾನೂನಿನ ಕೈಗೆ ಸಿಕ್ಕಾನು. ನೂರು ವರ್ಷ ದಾಟಿದ ನಾಣ್ಯ ೧೯೭೨ರ ಕಾಯಿದೆಯಂತೆ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಅದನ್ನು ಮತ್ತು ರಸೀದಿಯನ್ನು ಸಂಕೋಚವಿಲ್ಲದೆ ಕೇಳಿರಿ.

ಪರಿಚಿತರು ಮೊದಲು ಪೊಲೀಸರ ಬಳಿ ಹೋಗಲು ನಾಚಿದರು. ಅವರ ಮಡದಿಯೇ ಒತ್ತಾಯಿಸಿ ಕರೆದೊಯ್ದರು. ದೂರು ದಾಖಲಾಗಿದೆ, ಹಣ ಇನ್ನೂ ಬಂದಿಲ್ಲ. ಮಾದರಿಗೆಂದು ಕೊಟ್ಟ ಆ ಹದಿಮೂರನೆಯ ನಾಣ್ಯವನ್ನು ಮಾರಾಟಗಾರನು ಕೈಚಳಕದಿಂದ ಹಿಂದಕ್ಕೆ ಪಡೆದಿದ್ದನೆಂಬುದು ಅವರಿಗೆ ನೆನಪಾದದ್ದು ಠಾಣೆಯಲ್ಲಿ ಹೇಳಿಕೆ ಬರೆಸುವಾಗ.