ಹೊಲದಲ್ಲಿ ಸಿಕ್ಕ ಹೆನ್ರಿ ರಾಜನ ಚಿನ್ನ

2021ರ ಸೆಪ್ಟೆಂಬರ್. ಇಂಗ್ಲೆಂಡಿನ ಡೆವನ್ ಸೀಮೆಯ ಹೆಮಿಯೊಕ್ ಎಂಬ ಹಳ್ಳಿ. ಮೆಟಲ್ ಡಿಟೆಕ್ಟರ್ ಹಿಡಿದು ಹೊಲದಲ್ಲಿ ಅಡ್ಡಾಡುತ್ತಿದ್ದ ಹವ್ಯಾಸಿಯೊಬ್ಬರ ಯಂತ್ರ ಕುಯ್‌ಗುಟ್ಟಿತು. ಗೇಣುದ್ದವೂ ಅಗೆದಿರಲಿಲ್ಲ, ಮಣ್ಣಿನೊಳಗಿಂದ ಚಿನ್ನ ಫಳಕ್ಕೆಂದಿತು! ಅದೇನೆಂದು ತಿಳಿಯದೆ ಫೋಟೊವನ್ನು ಫೇಸ್‌ಬುಕ್‌ಗೆ ಹಾಕಿದರು. ಅದು ಬಿದ್ದದ್ದು ಲಂಡನ್ನಿನ ಸ್ಪಿಂಕ್ ಹರಾಜು ಸಂಸ್ಥೆಯ ನಾಣ್ಯತಜ್ಞರ ಕಣ್ಣಿಗೆ. ನೋಡಿದರೆ, ಮೂರನೇ ಹೆನ್ರಿಯ ಚಿನ್ನದ ಪೆನ್ನಿ! ಇಡೀ ಜಗತ್ತಿನಲ್ಲಿ ಗೊತ್ತಿರುವುದೇ ಎಂಟು!

ತೂಕ 3 ಗ್ರಾಂ ಕೂಡ ಇಲ್ಲ. ಅಷ್ಟರಲ್ಲೇ ಎಂಥ ಕುಸುರಿ! ಒಂದು ಬದಿಯಲ್ಲಿ ಸಿಂಹಾಸನವೇರಿದ ಗಡ್ಡಧಾರಿ ರಾಜ. ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಶಿಲುಬೆ ಹೊತ್ತ ಗೋಳ. ಹಿಂಬದಿಯಲ್ಲಿ ಅಂಚಿನವರೆಗೆ ಚಾಚಿದ ಶಿಲುಬೆ, ಅದರ ನಾಲ್ಕೂ ಸಂದುಗಳಲ್ಲಿ ಒಂದೊಂದು ಗುಲಾಬಿ. ಸುತ್ತಲೂ ಈ ನಾಣ್ಯವನ್ನು ಟಂಕಿಸಿದಾತ ವಿಲಿಯಮ್‌ನ ಹೆಸರು, ಲಂಡನ್ನಿನ ಹೆಸರು.

1257ರಲ್ಲಿ ಹೊರಬಂದ ಈ ನಾಣ್ಯಕ್ಕೆ ರಾಜ ಕಟ್ಟಿದ ಬೆಲೆ 20 ಬೆಳ್ಳಿ ಪೆನ್ನಿ. ಲಂಡನ್ನಿನ ನಾಗರಿಕರು ಮಾತ್ರ ಬೇಡವೇ ಬೇಡ ಎಂದರು. ಎಷ್ಟೋ ಬಡವರ ಮನೆಯ ಸಾಮಾನೆಲ್ಲ ಸೇರಿದರೂ ಒಂದು ಚಿನ್ನದ ನಾಣ್ಯದಷ್ಟು ಬೆಲೆಯಾಗದು ಎಂಬುದು ಅವರ ತಕರಾರು. ಅತ್ತ ನಾಣ್ಯದೊಳಗಿನ ಚಿನ್ನವೇ 20 ಪೆನ್ನಿಗಿಂತ ಹೆಚ್ಚು ಬಾಳುತ್ತಿತ್ತು. ಹಾಗಾದ ಮೇಲೆ ಚಲಾಯಿಸುವವರು ಯಾರು? ಕರಗಿಸಿದವರಿಗೇ ಲಾಭ!

ಇಂಗ್ಲೆಂಡ್ ಮತ್ತೆ ಚಿನ್ನದ ನಾಣ್ಯಕ್ಕೆ ಕೈಹಾಕಿದ್ದು 1344ರಲ್ಲಿ, ಮೂರನೇ ಎಡ್ವರ್ಡ್‌ನ ಕಾಲಕ್ಕೆ. ಆರು ಶಿಲಿಂಗ್ ಬೆಲೆಯ 'ಡಬಲ್ ಲೆಪರ್ಡ್' ಬಂತು. ಈ ಸಲ ಬೆಲೆ ಚಿನ್ನಕ್ಕೆ ಮೀರಿತ್ತು, ಜನ ಮುಟ್ಟಲಿಲ್ಲ. ಕೆಲವೇ ತಿಂಗಳಲ್ಲಿ ಅದೂ ಮೂಲೆಗುಂಪು. ಉಳಿದದ್ದು ಮೂರೇ ಮೂರು! ಎರಡು 1857ರಲ್ಲಿ ಟೈನ್ ನದಿಯಲ್ಲಿ ಸಿಕ್ಕಿ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಮೂರನೆಯದನ್ನು 2006ರಲ್ಲಿ ಎತ್ತಿಕೊಟ್ಟದ್ದೂ ಮೆಟಲ್ ಡಿಟೆಕ್ಟರೇ.

ಈಗ ಹೆಮಿಯೊಕ್‌ನ ಪೆನ್ನಿಯ ಕಥೆ ಕೇಳಿ. 2022ರ ಜನವರಿಯಲ್ಲಿ ಅದು ಹರಾಜಾಯಿತು. ಶುಲ್ಕವೂ ಸೇರಿ ಬಂದದ್ದು 6,48,000 ಪೌಂಡ್, ಅಂದಿನ ಲೆಕ್ಕದಲ್ಲಿ ಸುಮಾರು ಆರೂವರೆ ಕೋಟಿ ರೂಪಾಯಿ! ಅದರಲ್ಲಿರುವ ಚಿನ್ನಕ್ಕಲ್ಲ ಈ ಬೆಲೆ. ಹೆನ್ರಿಯ ನಾಣ್ಯ ಗೆದ್ದಿದ್ದರೆ ಸಾವಿರಗಟ್ಟಲೆ ಉಳಿಯುತ್ತಿತ್ತು, ಯಾರೂ ಇಷ್ಟು ಹಣ ಸುರಿಯುತ್ತಿರಲಿಲ್ಲ. ಹಳೇ ನಾಣ್ಯದ ಹುಚ್ಚು ಹತ್ತಿಸಿಕೊಳ್ಳುವವರು ಮೊದಲು ಕಲಿಯಬೇಕಾದ ಪಾಠ ಇದೇ: ಬರೀ ಹಳತೆಂದು ಬೆರಗಾಗಬೇಡಿ, ಎಷ್ಟು ಉಳಿದಿವೆ ಎಂದು ಕೇಳಿ.